ಅಕ್ಕನ ದನಿ ತೆಗೆದ ಹಾಡು

ನಮ್ಮ ಭಜನಾ ಮಂಡಳಿಯ ಕಾರ್ಯದರ್ಶಿ ಅಕ್ಕನ ದನಿಯನ್ನು ಹಾಡಿನಿಂದ ತೆಗೆದುಹಾಕಿದ್ದು ನಮ್ಮ ಮನೆಯ ಜಗಲಿಯ ಮೇಲೆ ಕೂತು, ನಾನೇ ಕೊಟ್ಟ ಕಾಫಿ ಕುಡಿಯುತ್ತ. ಲೋಟದ ಕಾಫಿ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಮೊಬೈಲಿನಲ್ಲಿ ಅದೇನನ್ನೋ ಒತ್ತಿದರು, ಒಂದು ಗೀಟು ಎಡದಿಂದ ಬಲಕ್ಕೆ ಹರಿದು ಹಸಿರಾಯಿತು, ಅಷ್ಟೇ. ಹಾರ್ಮೋನಿಯಂ ಉಳಿಯಿತು, ತಬಲ ಉಳಿಯಿತು, ತಾಳದ ಕಿಣಿಕಿಣಿಯೂ ಉಳಿಯಿತು. ಅಕ್ಕ ಇರಲಿಲ್ಲ. ಅಕ್ಕನ ಹಿಂದೆ ಹೇಳುತ್ತಿದ್ದ ನಾವು ಹನ್ನೊಂದು ಜನ ಹೆಂಗಸರೂ ಇರಲಿಲ್ಲ.

"ನೋಡಿ, ಎಷ್ಟು ಕ್ಲೀನಾಗಿ ಬಂದಿದೆ," ಎಂದರು ಕಾರ್ಯದರ್ಶಿ, ಅಡುಗೆಮನೆಯ ಕಟ್ಟೆ ಒರೆಸಿ ಮುಗಿಸಿದವರ ಹಾಗೆ.

ಅಕ್ಕ ನನ್ನ ಒಡಹುಟ್ಟಿದವಳಲ್ಲ, ಓರಗಿತ್ತಿ. ನಮ್ಮ ಯಜಮಾನರ ಅಣ್ಣನ ಹೆಂಡತಿ. ಬಿಕ್ಕೋಡಿನ ಕಡೆಯವಳು, ತಾಯಿಯಿಂದ ಕಲಿತ ಶಿವನ ಹಾಡುಗಳನ್ನೆಲ್ಲ ತಲೆಯಲ್ಲಿ ಹೊತ್ತುಕೊಂಡು ಅರಸೀಕೆರೆಗೆ ಸೊಸೆಯಾಗಿ ಬಂದಳು. ಒಂದನ್ನೂ ಬರೆದಿಟ್ಟದ್ದಿಲ್ಲ. ನಮ್ಮದು ಕೊಬ್ಬರಿ ವ್ಯಾಪಾರದ ಮನೆ. ಅಟ್ಟದ ಮೇಲೆ ಕಾಯಿ ತಿಂಗಳುಗಟ್ಟಲೆ ಒಣಗಿ ಕೊಬ್ಬರಿಯಾಗುತ್ತವೆ. ಇಳಿಸಿ ಸುಲಿಸುವ ಕಾಲಕ್ಕೆ ಮನೆತುಂಬ ನಾರಿನ ಧೂಳು ಏಳುತ್ತದೆ. ಮೂವತ್ತು ವರ್ಷ ಆ ಧೂಳಿನಲ್ಲಿ ನಿಂತು, ಆಳುಗಳಿಗೆ ಬಡಿಸಿ, ಕೊಬ್ಬರಿ ಆರಿಸಿ ಅಕ್ಕನಿಗೆ ಉಬ್ಬಸ ಹಿಡಿಯಿತು. ಈಗ ಬಾಯಿಗಿಟ್ಟು ಎಳೆದುಕೊಳ್ಳುವ ಔಷಧಿಯ ಪಂಪು ಕೈಯಲ್ಲಿಲ್ಲದೆ ಬಚ್ಚಲಿಗೂ ಹೋಗುವುದಿಲ್ಲ. ನಾನೂ ಅದೇ ಧೂಳು ಕುಡಿದವಳು, ನನಗೇನೂ ಆಗಲಿಲ್ಲ. ಅದು ಶಿವನ ದಯೆ, ಆದರೆ ಅವಳ ಎದುರು ಕೂತು ಹಾಗೆ ಹೇಳಲು ನಾಲಿಗೆ ಏಳುವುದಿಲ್ಲ.

ಕಾರ್ತಿಕದ ಸೋಮವಾರಗಳಲ್ಲಿ ಸಂಜೆ ಶಿವಾಲಯದಲ್ಲಿ ನಮ್ಮ ಮಂಡಳಿಯ ಹಾಡು. ಹೇಳಿಕೊಡುವವಳು ಅಕ್ಕ. ಅವಳು ಒಂದು ಸಾಲು ಹೇಳುತ್ತಾಳೆ, ನಾವು ಹನ್ನೊಂದು ಜನ ಅದನ್ನೇ ತಿರುಗಿ ಹೇಳುತ್ತೇವೆ. ಮನೆಯಲ್ಲಿ ಅಕ್ಕನ ಮಾತನ್ನು ಯಾರೂ ಪೂರ್ತಿ ಕೇಳಿದ್ದಿಲ್ಲ, ನನ್ನನ್ನೂ ಸೇರಿಸಿ ಹೇಳುತ್ತೇನೆ. ಮಾತು ಶುರು ಮಾಡಿ ಉಸಿರಿಗೆ ನಿಂತರೆ ಅಷ್ಟರಲ್ಲಿ ಇನ್ನೊಬ್ಬರು ಬಾಯಿ ಹಾಕಿರುತ್ತಾರೆ. ವರ್ಷಕ್ಕೆ ಆ ನಾಲ್ಕು ಸೋಮವಾರ ಮಾತ್ರ ಅವಳು ನಿಂತರೆ ಎಲ್ಲರೂ ನಿಲ್ಲುತ್ತಿದ್ದರು. ನಮ್ಮ ಭಾವನವರೂ ಕಂಬಕ್ಕೆ ಒರಗಿ ಕೈಮುಗಿದುಕೊಂಡು ಹೆಂಡತಿಯ ಉಸಿರಿಗಾಗಿ ಕಾಯುತ್ತಿದ್ದರು. ಮನೆಯಲ್ಲಿ ಕಾಯದ ಮನುಷ್ಯ.

ಅವಳಿಗೊಂದು ಅಭ್ಯಾಸವಿತ್ತು. ಉಸಿರು ಮುಗಿಯುತ್ತ ಬಂದಾಗ ಎಡಗೈ ಮೇಲೆತ್ತುತ್ತಾಳೆ. ಹಾರ್ಮೋನಿಯಂ ಮೇಷ್ಟ್ರು ಇದ್ದ ಸ್ವರದ ಮೇಲೆಯೇ ಬೆರಳಿಟ್ಟು ನಿಲ್ಲುತ್ತಿದ್ದರು, ತಬಲದವರು ಬರಿಯ ಬೆರಳಲ್ಲಿ ತಟ್ಟಿಕೊಂಡಿರುತ್ತಿದ್ದರು. ಅಕ್ಕ ಉಸಿರು ತುಂಬಿಕೊಂಡು ಕೈ ಇಳಿಸಿದರೆ ಹಾಡು ಮುಂದಕ್ಕೆ. ಹೊಸದಾಗಿ ಕೇಳಿದವರು ಅದು ಹಾಡಿನದೇ ವರಸೆ ಅಂದುಕೊಳ್ಳುತ್ತಿದ್ದರು. ನಾವು ತಿದ್ದುತ್ತಿರಲಿಲ್ಲ.

ಎಂಟು ವರ್ಷದ ಹಿಂದೆ ಭಕ್ತರೊಬ್ಬರು ಖರ್ಚು ವಹಿಸಿಕೊಂಡು ಹನ್ನೆರಡು ಹಾಡನ್ನು ಹಾಸನದ ಒಂದು ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿಸಿದರು. ಅಲ್ಲಿಯವನು ಅಕ್ಕನ ಕಿವಿಗೆ ಹೆಡ್‌ಫೋನ್ ಹಾಕಿ, ಟಿಕ್ ಟಿಕ್ ಎಂದು ಬರುವ ಲೆಕ್ಕಕ್ಕೆ ಸರಿಯಾಗಿ ಹಾಡಬೇಕು ಅಂದ. ಅಕ್ಕ ಎರಡು ಸಾಲು ಹಾಡಿ ಅದನ್ನು ಕಿತ್ತಿಟ್ಟಳು. ಕಿವಿಯೊಳಗೆ ಮರಕುಟಿಗ ಕೂತಂಗೈತೆ, ನನ್ನ ಕೈಲಾಗಕಿಲ್ಲ ಅಂದಳು. ಕೊನೆಗೆ ಗುಡಿಯಲ್ಲಿ ಹಾಡುವ ಹಾಗೆಯೇ ಹಾಡಿದೆವು. ಮೇಷ್ಟ್ರು ಗಾಜಿನ ಆಚೆ ಕೂರಲು ಒಪ್ಪದೆ ಅವಳ ಎದುರಿಗೇ ಕೂತು, ಅವಳ ಎಡಗೈ ನೋಡಿಕೊಂಡೇ ನುಡಿಸಿದರು. ಆಮೇಲೆ ಮೇಷ್ಟ್ರು ಮಗಳ ಮನೆಗೆಂದು ತಿಪಟೂರು ಸೇರಿದರು, ತಬಲದವರು ಶಿವನ ಪಾದ ಸೇರಿದರು. ಎರಡು ವರ್ಷದಿಂದ ನಮಗೆ ತಾಳವೊಂದೇ ಗತಿಯಾಗಿತ್ತು.

ಈಗ ಕಾರ್ಯದರ್ಶಿಯ ವಿಷಯ. ಇವರು ಬೇಲೂರಿನವರು. ಹಾಗೆಂದು ಹೇಳುವಾಗ ದೇವಸ್ಥಾನದ ಕಂಬದ ಮೇಲಿನ ಕಲ್ಲಿನ ಹೆಣ್ಣುಗಳೆಲ್ಲ ಇವರ ಚಿಕ್ಕಮ್ಮಂದಿರೇನೋ ಎಂಬಂತೆ ಕತ್ತು ಕೊಂಕಿಸುತ್ತಾರೆ. ಗಂಡ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದ ಮೇಲೆ ಅರಸೀಕೆರೆಯಲ್ಲಿ ಮನೆ ಕಟ್ಟಿಸಿದರು. ಮಂಡಳಿಗೆ ಸೇರಿ ನಾಲ್ಕು ವರ್ಷ. ಸೇರಿದ ವರ್ಷವೇ ನಮ್ಮನ್ನೆಲ್ಲ ಮೊಬೈಲಿನ ಒಂದು ಗುಂಪಿಗೆ ಹಾಕಿದರು, ಎರಡನೇ ವರ್ಷ ನವಿಲು ಬಣ್ಣದ ಸೀರೆ ಕಡ್ಡಾಯ ಮಾಡಿದರು, ಮೂರನೇ ವರ್ಷ ಕಾರ್ಯದರ್ಶಿಯಾದರು. ಶಿವನಿಗೆ ಯಾವ ಬಣ್ಣದ ಸೀರೆಯವರ ಹಾಡು ಇಷ್ಟ ಎಂದು ನಾನು ಕೇಳಿದ್ದಕ್ಕೆ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ ಅಂದರು.

ಇವರ ದೊಡ್ಡ ಚಟ ಈ ದನಿ ತೆಗೆಯುವುದು. ಯಾವ ಹಾಡು ಸಿಕ್ಕಿದರೂ ಮೊದಲು ಹಾಡಿದವರನ್ನು ಹೊರಗೆ ಹಾಕಿ, ಉಳಿದ ಸಂಗೀತದ ಮೇಲೆ ತಮ್ಮ ದನಿ ಕೂರಿಸಿ, ಬೆಳಗಿನ ಹೊತ್ತು ಗುಂಪಿಗೆ ಕಳಿಸುತ್ತಾರೆ. ಸಿನಿಮಾ ಹಾಡು, ಭಕ್ತಿಗೀತೆ, ಭಾವಗೀತೆ, ಯಾವುದನ್ನೂ ಬಿಟ್ಟಿಲ್ಲ. ನಾನು ಪೂಜೆಗೆ ಹೂವು ಬಿಡಿಸುವಾಗ ಒಂದೆರಡು ಕೇಳಿದೆ. ಬೇರೆಯವರು ಮಲಗಿದ್ದ ಹಾಸಿಗೆಯಲ್ಲಿ ಹೊಸಬರು ಉರುಳಾಡಿದ ಹಾಗೆ ಕೇಳಿಸಿತು. ಜೀವಮಾನವಿಡೀ ಸಾಧನೆ ಮಾಡಿ ಹಾಡಿದವರನ್ನು ಒಂದು ಬೆರಳಲ್ಲಿ ಆಚೆ ನೂಕಿ, ಅವರ ಪೀಠದ ಮೇಲೆ ತಾವು ಕೂತು, ಹೇಗಿದೆ ಎಂದು ಬೇರೆ ಕೇಳುವುದು. ಗುಂಪಿನ ಹೆಂಗಸರು ಕೈಮುಗಿದ ಬೊಂಬೆ, ಗುಲಾಬಿ ಹೂವು ಎಲ್ಲ ಕಳಿಸುತ್ತಿದ್ದರು. ನಾನು ಅಳಿಸಿಹಾಕುತ್ತಿದ್ದೆ. ಅಳಿಸುವುದನ್ನು ಕಲಿತದ್ದೇ ಆ ಮೊಬೈಲಿನಿಂದ ನನಗಾದ ಒಂದು ಉಪಕಾರ.

ಈ ಸಲದ ಕಾರ್ತಿಕದಲ್ಲಿ ಹಳೇಬೀಡಿನಲ್ಲಿ ಮಹಿಳಾ ಭಜನಾ ಸ್ಪರ್ಧೆ ಬಂತು. ಎರಡು ಹಾಡು ಹಾಡಬೇಕು, ಒಂದು ಹಿರಿಯರಿಂದ ಬಂದ ಹಾಡಾಗಿರಬೇಕು, ಪಕ್ಕವಾದ್ಯ ಇಲ್ಲದವರು ಟ್ರ್ಯಾಕ್ ಬಳಸಬಹುದು ಎಂದಿತ್ತು. ಮೊದಲನೆಯದಕ್ಕೆ ಟ್ರ್ಯಾಕ್ ಎಲ್ಲಾದರೂ ಸಿಗುತ್ತದೆ. ಅಕ್ಕನ ತಾಯಿಯ ಹಾಡಿಗೆ ಟ್ರ್ಯಾಕ್ ಎಲ್ಲಿ ಸಿಗಬೇಕು. ಅದಕ್ಕೇ ಕಾರ್ಯದರ್ಶಿ ನಮ್ಮ ಹಳೆಯ ರೆಕಾರ್ಡಿಂಗಿಗೆ ಕೈ ಹಾಕಿದ್ದು. ಅಕ್ಕನ ದನಿ ಹೋಯಿತು. ಆ ಜಾಗದಲ್ಲಿ ತಾವು ಹಾಡುವುದಾಗಿ ಹೇಳಿದರು. ಅಕ್ಕನವರಿಗೆ ವೇದಿಕೆಯ ಮೇಲೆ ಉಬ್ಬಸ ಬಂದರೆ ಹೊಣೆ ಯಾರು ಎಂದರು. ಕೊನೇ ಸೋಮವಾರ ಗುಡಿಯಲ್ಲೂ ಹೀಗೇ ಮಾಡಿಬಿಡೋಣ, ಅಕ್ಕನವರು ಆರಾಮಾಗಿ ಕೂತು ಕೇಳಲಿ ಎಂದೂ ಸೇರಿಸಿದರು. ಅನುಕಂಪ ತೋರಿಸಿದ ಹಾಗೂ ಆಗಬೇಕು, ಜಾಗ ಕಿತ್ತುಕೊಂಡ ಹಾಗೂ ಆಗಬೇಕು. ಅಂಥ ಜಾಣತನ ಓದಿದವರಿಗೇ ಬರುವುದು.

ಅವತ್ತು ಜಗಲಿಯ ಮೇಲೆ ನನ್ನ ಪಕ್ಕದಲ್ಲೇ ಕೂತಿದ್ದ ಅಕ್ಕನ ಮುಖ ನೋಡಿದೆ. ಅವಳು ಮೊಬೈಲಿನ ಕಡೆ ಕಿವಿ ವಾಲಿಸಿಕೊಂಡು, ಇನ್ನೊಂದು ಸಲ ಹಾಕಿ ಅಂದಳು. ಪೂರ್ತಿ ಕೇಳಿದಳು.

"ಹಾರ್ಮೋನಿ ಎಷ್ಟ್ ಚೆನ್ನಾಗೈತೆ ಕಣೇ. ನಾನು ಹಾಡೋವಾಗ ನಂಗೆ ಕೇಳ್ತಾನೇ ಇರ್ನಿಲ್ಲ," ಎಂದಳು ನನಗೆ. ಎದ್ದು ಒಳಗೆ ಹೋದಳು. ಒಳಗಿನಿಂದ ಪಂಪಿನ ಸದ್ದು ಎರಡು ಸಲ ಬಂತು.

ಅವತ್ತಿನಿಂದ ಹತ್ತು ದಿನ ಕಾರ್ಯದರ್ಶಿಯ ಮನೆಯಲ್ಲಿ ಅಭ್ಯಾಸ. ಅಕ್ಕ ಬರಲಿಲ್ಲ. ಅಕ್ಕನ ತಾಯಿಯದು ಪಾರ್ವತಿ ಶಿವನ ವಿಭೂತಿ ಬಚ್ಚಿಡುವ ಹಾಡು. ಸೋಮವಾರ ಬಂತೆಂದರೆ ಕರೆದವರ ಮನೆಗೆಲ್ಲ ಹೋಗುವ ಗಂಡ ಒಂದು ಸೋಮವಾರವಾದರೂ ತನ್ನ ಜೊತೆ ಇರಲಿ ಎಂದು ಅವಳಿಗೆ ಆಸೆ. ಅವನು ಅಟ್ಟ, ಒಲೆಯ ಮೂಲೆ, ಹಸುವಿನ ಗೋದಲಿ ಎಲ್ಲ ಹುಡುಕುತ್ತಾನೆ. ಎಂಟು ನುಡಿ. ಕಾರ್ಯದರ್ಶಿ ಎಂಟನ್ನೂ ಬರೆದುಕೊಂಡು ಬಾಯಿಪಾಠ ಮಾಡಿದ್ದರು, ಶ್ರುತಿಯೂ ಸರಿಯಿತ್ತು. ಆದರೆ ಮೊದಲ ನುಡಿಯ ಎರಡನೇ ಸಾಲಿಗೇ ಅವರು ಮುಂದೆ, ಹಾರ್ಮೋನಿಯಂ ಹಿಂದೆ. ಅಕ್ಕ ಕೈಯೆತ್ತಿದ್ದ ಜಾಗದಲ್ಲೆಲ್ಲ ಸಂಗೀತ ನಿಂತುಕೊಳ್ಳುತ್ತಿತ್ತು. ಒಂದು ಕಡೆ ಎರಡು ತಟ್ಟಿನಷ್ಟು, ಇನ್ನೊಂದು ಕಡೆ ಐದು. ಒಂದರ ಹಾಗೆ ಒಂದಿಲ್ಲ. ದನಿ ತೆಗೆದಿದ್ದರು, ಆ ದನಿಗಾಗಿ ಮೇಷ್ಟ್ರು ಕಾದದ್ದನ್ನು ತೆಗೆಯಲು ಆಗಿರಲಿಲ್ಲ.

ಅವರಿಗೆ ಅದು ಗೊತ್ತಾಗಲಿಲ್ಲ. ಮೊಬೈಲಿನದೇ ದೋಷ ಎಂದು ತಿಳಿದು ಮೂರು ಸಲ ಹೊಸದಾಗಿ ದನಿ ತೆಗೆದರು. ಮೂರು ಸಲವೂ ಸಂಗೀತ ಅಲ್ಲಲ್ಲೇ ನಿಂತಿತು. ಆಗ ಒಂದು ಉಪಾಯ ಹೂಡಿದರು. ನಿಂತಾಗಲೆಲ್ಲ ನಾವು ಹನ್ನೊಂದು ಜನ ಮುಗುಳ್ನಕ್ಕು ತಲೆಯ ಮೇಲೆ ಕೈಮುಗಿಯಬೇಕಂತೆ. ನೋಡುವವರಿಗೆ ಬೇಕೆಂದೇ ಮಾಡಿದ ಹಾಗಿರುತ್ತದಂತೆ. ಐವತ್ತು ದಾಟಿದ ಹೆಂಗಸರು ಸಾಲಾಗಿ ನಿಂತು, ಯಾವಾಗ ಕೈ ಇಳಿಸಬೇಕೋ ತಿಳಿಯದೆ, ನಗುತ್ತ ಕೈ ಎತ್ತಿಕೊಂಡಿದ್ದೆವು. ಪೊಲೀಸರಿಗೆ ಶರಣಾದವರ ಹಾಗೆ.

ನನಗೆ ಕಾರಣ ಗೊತ್ತಿತ್ತು. ಹೇಳಲಿಲ್ಲ. ಅವರು ಎಡವುವುದನ್ನು ದಿನವೂ ನೋಡಿ, ಮನೆಗೆ ಬಂದು ಸಮಾಧಾನವಾಗಿ ಅನ್ನಕ್ಕಿಡುತ್ತಿದ್ದೆ. ದೀಪ ಹಚ್ಚುವಾಗ ಆ ದಿನ ಶಿವ ಕೊಟ್ಟ ಸಣ್ಣಪುಟ್ಟ ಒಳ್ಳೆಯದನ್ನೆಲ್ಲ ಎಣಿಸುವುದು ನನ್ನ ರೂಢಿ: ಹಾಲು ಒಡೆಯಲಿಲ್ಲ, ನೀರು ಬಂತು, ಮಂಡಿ ನೋಯಲಿಲ್ಲ. ಆ ಹತ್ತು ದಿನ ಇದನ್ನೂ ಆ ಸಾಲಿಗೇ ಸೇರಿಸಿಕೊಂಡೆ.

ಹಳೇಬೀಡಿಗೆ ಟೆಂಪೋ ಟ್ರಾವೆಲರ್ ಮಾಡಿಕೊಂಡು ಹೋದೆವು. ಅಕ್ಕನೂ ಹೊರಟಳು. ನೀನ್ಯಾಕೆ ಬರ್ತೀಯ ಎಂದು ನಾನು ಕೇಳಿದೆ. ನಮ್ಮಮ್ಮನ ಹಾಡು, ಎಲ್ಲಿಗೆ ಹೋಗ್ತದೋ ನೋಡ್ಬೇಕಲ್ಲ ಎಂದಳು. ಜಾವಗಲ್ ದಾಟುವವರೆಗೂ ಕಾರ್ಯದರ್ಶಿ ಮುಂದಿನ ಸೀಟಿನಲ್ಲಿ ಕೂತು, ತಿರುಗಿ ತಿರುಗಿ, ನಗುವುದನ್ನು ಮರೀಬೇಡಿ ಎಂದು ಎಚ್ಚರಿಸುತ್ತಿದ್ದರು. ಬಸ್ತಿಹಳ್ಳಿಯ ಹತ್ತಿರ ಮರದ ನೆರಳಿನಲ್ಲಿ ಗಾಡಿ ನಿಲ್ಲಿಸಿ ಚಿತ್ರಾನ್ನ ತಿಂದೆವು. ಗಂಟಲಿಗೆ ಒಳ್ಳೆಯದಲ್ಲ ಎಂದು ಅವರೊಬ್ಬರು ಬಿಸಿನೀರು ಕುಡಿದರು.

ಸ್ಪರ್ಧೆ ಸಮುದಾಯ ಭವನದಲ್ಲಿ. ಒಳಗೆ ಒಂದೊಂದು ತಂಡ ಒಂದೊಂದು ಬಣ್ಣದ ಸೀರೆ, ನಡುವೆ ಮೂವರು ತೀರ್ಪುಗಾರರು. ಮೂವರಲ್ಲಿ ಒಬ್ಬರು ಫ್ಯಾನಿನ ಕೆಳಗಿನ ಕುರ್ಚಿಗಾಗಿ ಇನ್ನೊಬ್ಬರನ್ನು ಎಬ್ಬಿಸಿದ್ದನ್ನು ನಾನೇ ನೋಡಿದೆ. ಬಂದ ತಂಡಗಳಲ್ಲಿ ಮುಕ್ಕಾಲು ಪಾಲು ಮೊಬೈಲಿನ ಸಂಗೀತದವರು. ಸ್ಪೀಕರ್ ಡಬ್ಬದಿಂದ ಕೊಳಲು ಬರುತ್ತದೆ, ನುಡಿಸುವವನಿಲ್ಲ. ವೀಣೆ ಬರುತ್ತದೆ, ವೀಣೆಯಿಲ್ಲ. ಎಲ್ಲ ಭೂತದ ಮನೆಯ ಮದುವೆಯ ಹಾಗೆ.

ನಮ್ಮ ಮೊದಲ ಹಾಡು ಅಂಥದೇ, ಸರಾಗವಾಗಿ ಹೋಯಿತು. ಎರಡನೆಯದು ಅಕ್ಕನದು. ಮೊದಲ ನುಡಿಯಲ್ಲಿ ಹಾರ್ಮೋನಿಯಂ ನಿಂತಿತು, ಕಾರ್ಯದರ್ಶಿ ನಿಲ್ಲಲಿಲ್ಲ. ನಾವು ನಗುತ್ತ ಕೈಯೆತ್ತಿದೆವು. ಅವರು ಒಂದು ಸಾಲು ಮುಂದೆ ಹೋಗಿ, ತಿರುಗಿ ನೋಡಿ, ಅದೇ ಸಾಲಿಗೆ ಮತ್ತೆ ಬರುವಷ್ಟರಲ್ಲಿ ಸಂಗೀತ ಹೊರಟುಬಿಟ್ಟಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನನಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ. ಎರಡನೇ ನುಡಿ ಇನ್ನೂ ಹಾಳಾಯಿತು.

ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ ಅಕ್ಕನ ಎಡಗೈ ಮೇಲೆ ಹೋಯಿತು.

ಕಾರ್ಯದರ್ಶಿ ಅದನ್ನು ಕಂಡರು. ಏನನ್ನಿಸಿತೋ, ನಿಲ್ಲಿಸಿದರು. ಹಾರ್ಮೋನಿಯಂ ಕೂಡ ನಿಂತಿತು. ಅಕ್ಕನ ಕೈ ಇಳಿಯಿತು, ಇವರು ಎತ್ತಿಕೊಂಡರು, ಸಂಗೀತ ಸರಿಯಾಗಿ ಅಲ್ಲೇ ಬಂದು ಸೇರಿತು. ಆಮೇಲೆ ಆ ಹೆಂಗಸು ಸಭೆಯನ್ನೂ ನೋಡಲಿಲ್ಲ, ತೀರ್ಪುಗಾರರನ್ನೂ ನೋಡಲಿಲ್ಲ. ಅಕ್ಕನ ಕೈಯೊಂದನ್ನೇ ನೋಡುತ್ತ ಉಳಿದ ಆರು ನುಡಿಯನ್ನೂ ದಡ ಮುಟ್ಟಿಸಿದರು. ನಮಗೆ ಸಮಾಧಾನಕರ ಬಹುಮಾನ, ಒಬ್ಬೊಬ್ಬರಿಗೆ ಒಂದೊಂದು ಸ್ಟೀಲ್ ಡಬ್ಬಿ. ಫ್ಯಾನಿನ ಕೆಳಗಿನ ತೀರ್ಪುಗಾರರು ಮೈಕಿನಲ್ಲಿ, ಈ ತಂಡ ಹಿನ್ನೆಲೆ ಸಂಗೀತದೊಂದಿಗೆ ಸಾಧಿಸಿದ ಹೊಂದಾಣಿಕೆ ಮೆಚ್ಚತಕ್ಕದ್ದು ಎಂದರು. ಕಿವಿ ಇದ್ದೂ ಏನು ಪ್ರಯೋಜನ.

ವಾಪಸು ಬರುವಾಗ ಕಾರ್ಯದರ್ಶಿ, ನಡುವೆ ಸ್ವಲ್ಪ ಟ್ರ್ಯಾಕ್ ಸಿಕ್ಕಿಕೊಂಡಿತು, ಹೇಗೋ ಸಂಭಾಳಿಸಿದೆ ಎಂದು ಮುಂದಿನ ಸೀಟಿನಲ್ಲಿ ಹೇಳಿಕೊಳ್ಳುತ್ತಿದ್ದರು. ಅಕ್ಕನ ಹೆಸರೂ ಎತ್ತಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಹಿಂದೆ ಅಕ್ಕನ ಪಕ್ಕ ಕೂತು ಪಿಸುಮಾತಿನಲ್ಲಿಯೇ ಅವಳನ್ನು ತರಾಟೆಗೆ ತೆಗೆದುಕೊಂಡೆ. ನಿನ್ನನ್ನು ಒರೆಸಿಹಾಕಿದವಳಿಗೆ ನೀನೇ ದಾರಿ ತೋರಿಸಿದೆಯಲ್ಲ, ನಿನಗೆ ಮಾನ ಇಲ್ಲವೇ ಎಂದೆ.

"ನಾನ್ಯಾಕೆ ಅವಳಿಗೆ ತೋರಿಸ್ಲಿ," ಎಂದಳು ಅಕ್ಕ. "ಬಾಯೊಳಗೇ ಹಾಡ್ಕೊತಾ ಇದ್ದೆ ಕಣೇ. ಉಸಿರು ಸಾಲ್ದಂಗಾಯ್ತು. ಕೈ ತಾನೇ ಎದ್ದೋಯ್ತು."

ನನಗೆ ನಗು ಬಂತು. ಸ್ವಲ್ಪ ಹೊತ್ತಿಗೆ ನಗು ನಿಂತೂ ಹೋಯಿತು. ಜಾವಗಲ್ಲಿನವರೆಗೂ ಡಬ್ಬಿಗಳು ಗಾಡಿಯ ಕುಲುಕಿಗೆ ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು.

ಮರುದಿನ ಗುಂಪಿನಲ್ಲಿ ಕೊನೇ ಸೋಮವಾರದ ಕಾರ್ಯಕ್ರಮ ಬಂತು. ಹಾಡುವವರು ಕಾರ್ಯದರ್ಶಿ, ಸಂಗೀತ ಟ್ರ್ಯಾಕ್. ಅಕ್ಕನ ಹೆಸರು ಎಲ್ಲೂ ಇರಲಿಲ್ಲ. ಅಕ್ಕನಿಗೆ ಓದಿ ಹೇಳಿದೆ. ಸರಿ ಬಿಡು ಎಂದಳು, ಮತ್ತೆ ಅವತ್ತು ಊಟಕ್ಕೆ ಏಳಲಿಲ್ಲ. ಎದೆ ಕಟ್ಟಿದೆ ಎಂದು ಎಲ್ಲರಿಗೂ ಹೇಳಿದಳು. ಉಬ್ಬಸದವರಿಗೆ ಅದೊಂದು ಅನುಕೂಲ, ಅತ್ತರೂ ಯಾರಿಗೂ ತಿಳಿಯುವುದಿಲ್ಲ.

ಸಂತೆಯ ದಿನ ಅವರೆಕಾಯಿ ಆರಿಸುತ್ತಿದ್ದ ಕಾರ್ಯದರ್ಶಿಯನ್ನು ಹಿಡಿದುಕೊಂಡೆ. ನಾನು ಸುತ್ತಿ ಬಳಸಿ ಮಾತಾಡುವವಳಲ್ಲ. "ಮೇಡಂ, ಆ ಹಾಡು ನಡುನಡುವೆ ನಿಲ್ಲೋದು ಮೊಬೈಲಿನ ತಪ್ಪಲ್ಲ. ಅದು ನಮ್ಮಕ್ಕನ ಉಸಿರು. ಮೇಷ್ಟ್ರು ಅವಳಿಗೋಸ್ಕರ ಕಾದವ್ರೆ. ನೀವು ಹೋಗಿ ಅದರ ಮೇಲೆ ಕೂತ್ಕೊಂಡ್ರೆ ಹೆಂಗೆ ಸರಿಹೋಯ್ತದೆ," ಎಂದೆ.

ಅವರ ಕೈಯಲ್ಲಿದ್ದ ಅವರೆಕಾಯಿ ಹಾಗೇ ಉಳಿಯಿತು. ಸೊಗಡು ಇಲ್ಲದ ಕಾಯನ್ನು ಆರಿಸಿ ಚೀಲಕ್ಕೆ ಹಾಕಿಕೊಂಡಿದ್ದರು, ಅದನ್ನೂ ನಾನು ಗಮನಿಸಿದೆ. ಕೊನೆಗೆ, ಹಾಗಿದ್ರೆ ಅವರೇ ಹಾಡಲಿ, ಟ್ರ್ಯಾಕ್ ಅವರದೇ ತಾನೇ ಎಂದು ಬಿರುಸಾಗಿ ಹೇಳಿ ಹೋದರು.

ಗೆದ್ದೆ ಅಂದುಕೊಂಡು ಮನೆಗೆ ಬಂದೆ. ಅಕ್ಕ ಅಷ್ಟು ಹಿಗ್ಗಲಿಲ್ಲ. ತಾಳವೊಂದೇ ಸಾಕಿತ್ತಲ್ಲ, ಆ ಡಬ್ಬ ಯಾಕೆ ಅಂದಳು. ನಾನು ಬಿಡಲಿಲ್ಲ. ನಿನ್ನ ಅಳತೆಗೇ ಹೊಲಿದ ರವಿಕೆ, ನಿನಗಲ್ಲದೆ ಇನ್ಯಾರಿಗೆ ಆಗಬೇಕು, ಅವಳ ಮುಂದೆ ಹಾಡಿ ತೋರಿಸು ಎಂದು ಹಟ ಹಿಡಿದೆ. ಮೇಷ್ಟ್ರ ಹಾರ್ಮೋನಿಯಂ ಇನ್ನೊಂದು ಸಲ ಕೇಳಬಹುದಲ್ಲ ಎಂದೆ. ಆ ಮಾತಿಗೆ ಒಪ್ಪಿದಳು.

ಸೋಮವಾರ ಸಂಜೆ ಗುಡಿಯ ತುಂಬ ದೀಪ. ಅಕ್ಕ ನವಿಲು ಬಣ್ಣದ ಸೀರೆ ಉಡದೆ ತನ್ನ ಹಳೆಯ ಕೆಂಪು ಸೀರೆ ಉಟ್ಟು, ವಿಭೂತಿ ಧರಿಸಿ, ಗರ್ಭಗುಡಿಯ ಎದುರಿಗೆ ಕೂತಳು. ಕಾರ್ಯದರ್ಶಿ ಸ್ಪೀಕರ್ ಡಬ್ಬವನ್ನು ಒಂದು ಕಂಬದ ಬುಡದಲ್ಲಿಟ್ಟು, ತಾವು ಅದೇ ಕಂಬದ ಆಚೆ ಮೊಬೈಲ್ ಹಿಡಿದು ಕೂತರು. ಹಾರ್ಮೋನಿಯಂ ಶುರುವಾಯಿತು. ಅಕ್ಕ ಮೊದಲ ಸಾಲು ಹೇಳಿದಳು, ನಾವು ಹೇಳಿದೆವು. ಎರಡನೇ ಸಾಲಿನ ಕೊನೆಗೆ ಅವಳ ಕೈ ಎದ್ದಿತು. ಸಂಗೀತ ಅಲ್ಲಿಗೇ ನಿಂತಿತು. ನಾನು ಕಾರ್ಯದರ್ಶಿಯ ಕಡೆ ನೋಡಿದ ನೋಟ ಈಗ ನೆನೆದರೆ ನಾಚಿಕೆಯಾಗುತ್ತದೆ.

ಏಕೆಂದರೆ ಅಕ್ಕನ ಕೈ ಇನ್ನೂ ಮೇಲಿರುವಾಗಲೇ ಸಂಗೀತ ಹೊರಟುಬಿಟ್ಟಿತು.

ಅದು ಎಂಟು ವರ್ಷದ ಹಿಂದಿನ ಉಸಿರು. ಆಗ ಎರಡು ತಟ್ಟಿಗೆ ತುಂಬುತ್ತಿದ್ದ ಎದೆಗೆ ಈಗ ನಾಲ್ಕು ಬೇಕು. ಹಳೇಬೀಡಿನಲ್ಲಿ ಬಾಯೊಳಗೇ ಹಾಡಿಕೊಂಡಾಗ ಹಳೆಯ ಅಳತೆ ಸಾಕಾಗಿತ್ತು, ಬಾಯಿಬಿಟ್ಟು ಹಾಡಿದರೆ ಸಾಲದು. ಈ ಒಂದು ಲೆಕ್ಕ ನನ್ನ ದಡ್ಡ ತಲೆಗೆ ಹೊಳೆದಿರಲಿಲ್ಲ. ಅಕ್ಕ ಅರ್ಧ ಉಸಿರಿನಲ್ಲೇ ಓಡಿ ಹಿಡಿದಳು. ಮುಂದಿನ ಸಾಲಿನಲ್ಲಿ ಮತ್ತೆ ಕೈಯೆತ್ತಿದಳು, ಮತ್ತೆ ಅದು ಕಾಯಲಿಲ್ಲ. ಮೇಷ್ಟ್ರು ಕೈ ನೋಡಿ ಕಾಯುತ್ತಿದ್ದರು. ಈ ಡಬ್ಬಕ್ಕೆ ಕಣ್ಣೆಲ್ಲಿಂದ ಬರಬೇಕು. ಎರಡನೇ ನುಡಿಯಲ್ಲಿ ಒಂದಿಡೀ ಸಾಲು ಬಿಟ್ಟುಹೋಯಿತು. ಅವಳ ಮುಖ ಬೂದಿಯ ಬಣ್ಣಕ್ಕೆ ತಿರುಗಿತು. ಭಾವನವರು ಕಂಬದಿಂದ ಬೆನ್ನು ತೆಗೆದು ನೆಟ್ಟಗೆ ನಿಂತರು. ಕಾರ್ಯದರ್ಶಿ ಅವಳ ಜಾಗ ಕಿತ್ತುಕೊಳ್ಳಲು ಹೊರಟಿದ್ದರು, ನಾನು ಅವಳನ್ನು ಆ ಜಾಗದಲ್ಲೇ ಕೂರಿಸಿ ಊರ ಮುಂದೆ ಸೋಲಿಸುತ್ತಿದ್ದೆ. ಎದ್ದು ಆ ಡಬ್ಬವನ್ನು ಆರಿಸಬೇಕು ಅನ್ನಿಸಿತು. ಯಾವುದನ್ನು ಒತ್ತಬೇಕೋ ಗೊತ್ತಿರಲಿಲ್ಲ. ಶಿವಾ, ಕರೆಂಟಾದರೂ ಹೋಗಬಾರದೇ ಅಂದುಕೊಂಡೆ. ಬ್ಯಾಟರಿಯ ಡಬ್ಬ, ಕರೆಂಟು ಹೋದರೂ ಅದು ನಿಲ್ಲುವುದಿಲ್ಲ ಎಂಬುದೂ ನೆನಪಿರಲಿಲ್ಲ.

ಮೂರನೇ ನುಡಿಯಲ್ಲಿ ಅಕ್ಕನ ಕೈ ಎದ್ದಿತು. ಸಂಗೀತ ನಿಂತಿತು. ನಿಂತೇ ಇತ್ತು.

ಎಲ್ಲರೂ ಡಬ್ಬ ಕೆಟ್ಟಿತು ಅಂದುಕೊಂಡರು. ಅಕ್ಕ ಕಣ್ಣುಮುಚ್ಚಿ ಪೂರ್ತಿ ಉಸಿರು ತುಂಬಿಕೊಂಡಳು, ಕೈ ಇಳಿಸಿದಳು, ಮುಂದಿನ ಪದ ಎತ್ತಿದಳು. ಒಂದು ಚೂರು ತಡವಾಗಿ, ಮುಗ್ಗರಿಸಿದ ಹಾಗೆ, ಹಾರ್ಮೋನಿಯಂ ಬಂತು. ಕಂಬದ ಆಚೆ ಕಾರ್ಯದರ್ಶಿ ಕತ್ತು ಉದ್ದ ಮಾಡಿ ಅಕ್ಕನ ಕೈಯನ್ನೇ ನೋಡುತ್ತಿದ್ದರು. ಹೆಬ್ಬೆರಳು ಮೊಬೈಲಿನ ಮೇಲಿತ್ತು. ಕೈ ಎದ್ದರೆ ಒತ್ತಿ ನಿಲ್ಲಿಸುತ್ತಿದ್ದರು, ಇಳಿದರೆ ಮತ್ತೆ ಒತ್ತಿ ಹೊರಡಿಸುತ್ತಿದ್ದರು.

ಚೆಂದವಾಗಿತ್ತು ಎಂದು ನಾನು ಸುಳ್ಳು ಹೇಳುವುದಿಲ್ಲ. ಮೇಷ್ಟ್ರು ನಿಲ್ಲುತ್ತಿದ್ದಾಗ ಸ್ವರ ಮುಂದುವರಿಯುತ್ತಿತ್ತು, ಇದು ಗಂಟಲು ಹಿಸುಕಿದ ಹಾಗೆ ತಟಕ್ಕನೆ ನಿಲ್ಲುತ್ತಿತ್ತು, ಎಲ್ಲೆಂದರಲ್ಲಿ ಹೊರಡುತ್ತಿತ್ತು. ತಬಲದ ಒಂದು ಪೆಟ್ಟು ಅರ್ಧಕ್ಕೆ ತುಂಡಾಗಿ, ಉಳಿದರ್ಧ ಆಮೇಲೆ ಬೀಳುತ್ತಿತ್ತು. ಕಾರ್ಯದರ್ಶಿಯ ಹಣೆಯಲ್ಲಿ ಬೆವರು, ತುಟಿ ಕಚ್ಚಿಕೊಂಡಿದ್ದರು, ತಲೆಯ ಮಲ್ಲಿಗೆ ಜಾರಿ ಕಿವಿಗೆ ಬಂದಿತ್ತು, ಸರಿಮಾಡಿಕೊಳ್ಳಲು ಕೈ ಖಾಲಿ ಇರಲಿಲ್ಲ. ಆದರೂ ಎಂಟು ನುಡಿಯೂ ಆದವು. ಶಿವನಿಗೆ ಪಾರ್ವತಿಯ ಸೆರಗಿನ ಗಂಟಿನಲ್ಲಿ ವಿಭೂತಿ ಸಿಕ್ಕಿತು. ಕೊನೆಯ ಸಾಲನ್ನು ಅಕ್ಕ ಹೇಳಿ, ನಾವು ತಿರುಗಿ ಹೇಳುವಾಗ ಜನರೂ ಸೇರಿಕೊಂಡರು.

ಇನ್ನೂ ಎರಡು ಹಾಡು ಬಾಕಿ ಇತ್ತು. ಅಕ್ಕ ಪಂಪು ಹಾಕಿಕೊಂಡು, ನೀರು ಕುಡಿದು, ಕಂಬದ ಕಡೆ ತಿರುಗಿದಳು. ಕಾರ್ಯದರ್ಶಿಗೆ ಎದುರೆದುರೇ ಏಕವಚನ ಹಚ್ಚಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಐದನೇ ನುಡೀಲಿ ಜಾಸ್ತಿ ಹೊತ್ತು ನಿಲ್ಲಿಸಿಬಿಟ್ಟೆ ಕಣವ್ವ. ಅಷ್ಟು ಬೇಕಿರ್ಲಿಲ್ಲ."

ತಿದ್ದಿದರೆ ಸಿಡುಕುವ ಹೆಂಗಸು. ಸೀರೆಯ ಬಣ್ಣದ ಬಗ್ಗೆ ಮಾತಾಡಿದ್ದಕ್ಕೆ ನನ್ನ ಜೊತೆ ಎರಡು ತಿಂಗಳು ಮಾತು ಬಿಟ್ಟಿದ್ದವರು. ನಾನು ಒಂದು ಜಗಳಕ್ಕೆ ಸಿದ್ಧಳಾಗಿ ಕೂತೆ.

"ನಿಮ್ಮ ಕೈ ಇಳಿದಿದ್ದು ಕಾಣ್ಲಿಲ್ಲ ಅಕ್ಕ," ಎಂದರು ಕಾರ್ಯದರ್ಶಿ. "ದೀಪ ಅಡ್ಡ ಬಂತು."

"ದೀಪ ಇರೋ ಕಡೆ ಇರ್ತದೆ," ಎಂದಳು ಅಕ್ಕ. "ನೀನೇ ಈಚೆ ಬಂದು ಕೂತ್ಕೊ."

ಕಾರ್ಯದರ್ಶಿ ಸೀರೆಯ ನೆರಿಗೆ ಎತ್ತಿಕೊಂಡು, ಹನ್ನೊಂದು ಜನರ ಕಾಲು ದಾಟಿಕೊಂಡು ಬಂದು, ನನ್ನನ್ನು ಸ್ವಲ್ಪ ಸರಿಯಲು ಹೇಳಿದರು. ಸರಿದೆ.